ಸಾಕುಜೇಡದ ಊಟ: ಮನೆಯಲ್ಲಿ ಜಿರಳೆ ಬೆಳೆಯುವುದು ಯಾಕೆ, ಹೇಗೆ

ಅಮ್ಮ ಶಿಡ್ಲಘಟ್ಟದಿಂದ ಒಹಾಯೊದ ನಮ್ಮ ಮನೆಗೆ ಬಂದ ಮೂರನೇ ದಿನ, ಸ್ವೆಟರ್ ಹುಡುಕಿಕೊಂಡು ಮಹಡಿಯ ಕೋಣೆಯ ಕಪಾಟು ತೆಗೆದರು. ಕೆಳಗಿನ ಅರೆಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬ, ಒಳಗೆ ತರಗೆಲೆ ಸರಿದಾಡಿದ ಹಾಗೆ ಸದ್ದು. ಮುಚ್ಚಳ ಎತ್ತಿದರೆ ಮೊಟ್ಟೆ ಟ್ರೇಗಳ ಸಂದಿಯಲ್ಲಿ ಮುನ್ನೂರರಷ್ಟು ಜಿರಳೆ. "ಏನಪ್ಪಾ ಇದು, ದುಡ್ಡು ಕೊಟ್ಟು ತಂದ್ಯಾ?" ಎಂದು ಅಲ್ಲಿಂದಲೇ ಕೂಗಿದರು. ಹೌದು, ದುಡ್ಡು ಕೊಟ್ಟೇ ತಂದದ್ದು. ಹದಿನಾಲ್ಕರ ಮಗಳು ಸಾಕಿರುವ ಎರಡು ಟಾರಂಟುಲಾ ಜೇಡಗಳಿಗೆ ಅದೇ ಊಟ.

ಆಮೇಲಿನ ಎರಡು ತಿಂಗಳು ಅಮ್ಮ ಕೇಳಿದ ಪ್ರಶ್ನೆಗಳನ್ನೇ ಈಗ ನಮ್ಮ ಕನ್ನಡ ಕೂಟದ ಗೆಳೆಯರೂ ಕೇಳುತ್ತಿದ್ದಾರೆ. ಮೂರು ಮನೆಗಳಲ್ಲಿ ಮಕ್ಕಳು ಜೇಡ ಬೇಕೆಂದು ಹಟ ಹಿಡಿದಿದ್ದಾರೆ. ಜೇಡವನ್ನು ಹೇಗೋ ಒಪ್ಪಿಕೊಂಡೇವು, ಜಿರಳೆಯನ್ನು ಹೇಗೆ ಮನೆಯೊಳಗೆ ಬಿಟ್ಟುಕೊಳ್ಳುವುದು ಎಂಬುದೇ ತಂದೆತಾಯಿಯರ ಚಿಂತೆ. ಅಮ್ಮ ಮೂವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವರು. ಮೊದಲ ದಿನದ ಅಸಹ್ಯ ಕಳೆದ ಮೇಲೆ ಆ ಡಬ್ಬದಲ್ಲಿ ಅವರಿಗೆ ಕಂಡದ್ದು ಹುಳುಮನೆ. ಮಾಡುತ್ತಿದ್ದ ಕೆಲಸದ ಕಾರಣಗಳು ನನಗೂ ಸರಿಯಾಗಿ ತಿಳಿದದ್ದು ಅವರ ಹೋಲಿಕೆಗಳಿಂದ. ಹಾಗಾಗಿ ಇಲ್ಲೂ ಅವನ್ನೇ ಬಳಸುತ್ತೇನೆ.

ಈ ಜೇಡ ಯಾವುದು, ಏನು ತಿನ್ನುತ್ತದೆ

ಗೋಡೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡ ಬೇರೆ, ಇದು ಬೇರೆ. ಟಾರಂಟುಲಾಗಳು ಮೈತುಂಬ ರೋಮವಿರುವ ದೊಡ್ಡ ಜೇಡಗಳು. ಬಿಲದ ಬಾಯಲ್ಲೋ ಮರದ ಪೊಟರೆಯಲ್ಲೋ ಕಾದು ಕೂತು, ಹತ್ತಿರ ಬಂದ ಹುಳದ ಮೇಲೆ ಎರಗುತ್ತವೆ. ಮಗಳ ಹತ್ತಿರ ಇರುವುದರಲ್ಲಿ ಒಂದು ಮೆಕ್ಸಿಕೋ ಮೂಲದ ಕೆಂಪು ಮಂಡಿಯ ಜೇಡ. ಅಂಗೈಯಗಲ ಬೆಳೆಯುತ್ತದೆ, ಹೆಣ್ಣಾದರೆ ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು. ಮಗು ಕಾಲೇಜಿಗೆ ಹೋದ ಮೇಲೂ ಜೇಡ ಮನೆಯಲ್ಲೇ ಇರುತ್ತದೆ ಎಂಬುದನ್ನು ತರುವ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹೊರದೇಶಗಳ ಜೇಡಪ್ರಿಯರು ಬಹಳ ಮೆಚ್ಚುವ ಇನ್ನೊಂದು ಜಾತಿಯ ಮೂಲ ನಮಗೆ ತೀರ ದೂರದ್ದಲ್ಲ. ಬಳ್ಳಾರಿಯಿಂದ ಪೂರ್ವಕ್ಕೆ, ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಒಂದು ನೀಲಿ ಜೇಡ ಸಿಕ್ಕಿತ್ತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ಅದಕ್ಕೆ ಪೋಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಅದರ ನಿಜವಾದ ಮನೆ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡು ಎಂಬುದು ಗೊತ್ತಾದದ್ದು ನೂರು ವರ್ಷಗಳ ನಂತರ, 2001ರಲ್ಲಿ. ದಿಮ್ಮಿಯೊಂದಿಗೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು. ಕಾಡಿನಲ್ಲಿ ಅಳಿವಿನ ಅಂಚಿನಲ್ಲಿರುವ ಈ ಜೇಡದ ಮರಿಗಳು ಇಂದು ಜರ್ಮನಿಯ, ಅಮೆರಿಕದ ಕೋಣೆಗಳಲ್ಲಿ ಹುಟ್ಟಿ ಬೆಳೆಯುತ್ತಿವೆ, ದಕ್ಷಿಣ ಅಮೆರಿಕದ ಜಿರಳೆ ತಿಂದುಕೊಂಡು. ಮಕ್ಕಳಿಗೆ ಮಾತ್ರ ಇದನ್ನು ಕೊಡಿಸಬೇಡಿ. ಕಚ್ಚಿದರೆ ನೋವು ಮತ್ತು ಸ್ನಾಯು ಸೆಳೆತ ಜೋರು, ಓಟವೂ ಮಿಂಚಿನಂತೆ.

ಟಾರಂಟುಲಾ ತಿನ್ನುವ ರೀತಿ ತಿಳಿದರೆ ಮುಂದಿನದೆಲ್ಲ ಸುಲಭ. ಅದು ಕೋರೆಯಿಂದ ಚುಚ್ಚಿ, ಜಜ್ಜಿ, ಜೀರ್ಣರಸ ಸುರಿದು, ಬೇಟೆಯನ್ನು ಹೊಟ್ಟೆಯ ಹೊರಗೇ ಕರಗಿಸಿ ಹೀರುತ್ತದೆ. ಕೊನೆಗೆ ಉಳಿಯುವುದು ಅಗಿದು ಉಗಿದ ಕಬ್ಬಿನ ಸಿಪ್ಪೆಯಂಥ ಒಂದು ಪುಟ್ಟ ಉಂಡೆ. ಅಂದರೆ ಹುಳದ ಕರುಳಲ್ಲಿ, ಕೊಬ್ಬಿನಲ್ಲಿ ಇದ್ದದ್ದು ಹೆಚ್ಚುಕಡಿಮೆ ಹಾಗೇ ಜೇಡದ ಮೈಗೆ ಇಳಿಯುತ್ತದೆ. ಸೊಪ್ಪು ಕೆಟ್ಟರೆ ಗೂಡು ಕೆಟ್ಟಿತು ಎಂದು ಅಮ್ಮ ಹೇಳುವುದು ಇಲ್ಲಿಗೂ ಸಲ್ಲುತ್ತದೆ.

ಮುಂಚೆ ಸಾಕಣೆದಾರರು ಹೆಚ್ಚಾಗಿ ಕೊಡುತ್ತಿದ್ದದ್ದು ರಾತ್ರಿಯೆಲ್ಲ ಕಿರ್ ಎನ್ನುವ ಕ್ರಿಕೆಟ್ ಹುಳು. ಅದು ಎರಡು ಮೂರು ತಿಂಗಳಿಗೆ ಸಾಯುತ್ತದೆ, ನಾರುತ್ತದೆ, ಗದ್ದಲ ಬೇರೆ. ಇದರ ಮೇಲೆ ಡೆನ್ಸೊವೈರಸ್ ಎಂಬ ವೈರಸ್ಸಿನ ರೋಗ ಯುರೋಪಿನ ಸಾಕಣೆ ಕೇಂದ್ರಗಳನ್ನು ಕಾಡಿ, 2010ರ ಹೊತ್ತಿಗೆ ಅಮೆರಿಕದ ಕೇಂದ್ರಗಳಿಗೂ ಹಬ್ಬಿ ಹುಳುಗಳನ್ನು ರಾಶಿರಾಶಿಯಾಗಿ ಕೊಂದಿತು. ಆ ಹೊಡೆತದ ನಂತರ ಬಹಳ ಜನ ಜಿರಳೆಯ ಕಡೆ ತಿರುಗಿದರು.

ಅಡುಗೆಮನೆಯ ಜಿರಳೆ ಯಾಕಾಗದು

ಅಮ್ಮನ ಮೊದಲ ಪ್ರಶ್ನೆ ಇದು: "ಊರಲ್ಲಿ ಬಚ್ಚಲ ಕಡೆ ಬಿಟ್ಟಿ ಸಿಗ್ತವಲ್ಲೋ!" ಉತ್ತರವೂ ಅವರಿಗೇ ಗೊತ್ತಿತ್ತು. ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದಾಗ ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಒಂದಿಷ್ಟು ಬಿದ್ದರೂ ಸಾಕು, ಆ ಸೊಪ್ಪು ತಿಂದ ಹುಳು ರಾತ್ರಿ ಬೆಳಗಾಗುವುದರೊಳಗೆ ತಟ್ಟೆಯಲ್ಲೇ ಸತ್ತಿರುತ್ತವೆ. ಬಯಲಲ್ಲಿ, ಚರಂಡಿಯಲ್ಲಿ ತಿರುಗುವ ಜಿರಳೆ ಎಲ್ಲಿಯ ವಿಷ ಮೆದ್ದು ಬಂದಿದೆಯೋ ಹೇಳಲಾಗದು. ಜಿರಳೆಗೆಂದು ಹಚ್ಚಿದ ಜೆಲ್ ತಿಂದು ಇನ್ನೂ ಸಾಯದೆ ಓಡಾಡುತ್ತಿರುವುದೂ ಇರಬಹುದು. ಕೀಟನಾಶಕ ಕೀಟವನ್ನು ಕೊಲ್ಲುವ ಹಾಗೆ ಜೇಡವನ್ನೂ ಕೊಲ್ಲುತ್ತದೆ. ಹೊರಗಿನ ಹುಳದ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳೂ ಇರಬಹುದು.

ಇನ್ನೊಂದು ಕಾರಣ, ಮನೆಯ ಜಿರಳೆಯನ್ನು ಸಾಕಲು ಹೋದರೆ ಅದು ಡಬ್ಬದಲ್ಲಿ ನಿಲ್ಲುವುದಿಲ್ಲ. ಲೋಕದಲ್ಲಿ 4,500ಕ್ಕೂ ಹೆಚ್ಚು ಜಾತಿಯ ಜಿರಳೆಗಳಿವೆ, ಮನುಷ್ಯರ ಮನೆಗೆ ಅಂಟಿಕೊಂಡವು ಮೂವತ್ತರ ಆಸುಪಾಸು ಮಾತ್ರ. ಉಳಿದವು ಕಾಡಿನ ತರಗೆಲೆಯ ಕೆಳಗೆ, ಗುಹೆಗಳಲ್ಲಿ, ಕೊಳೆತ ಮರದಲ್ಲಿ ತಮ್ಮ ಪಾಡಿಗಿವೆ. ಅಡುಗೆಮನೆಯ ಸಣ್ಣ ಕಂದು ಜಿರಳೆಯಂತೂ ನಮ್ಮ ಜೊತೆ ಬಾಳಲೆಂದೇ ರೂಪುಗೊಂಡದ್ದು. ಜರ್ಮನ್ ಜಿರಳೆ ಎಂಬ ಹೆಸರಿದ್ದರೂ, 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯಾದ ಬಯಲಿನ ಜಿರಳೆಯೊಂದರಿಂದ ಕವಲೊಡೆಯಿತು. ಗೋಡೆ, ಗಾಜು, ಪ್ಲಾಸ್ಟಿಕ್ ಯಾವುದನ್ನೂ ಅದು ಹತ್ತುತ್ತದೆ.

ಡುಬಿಯಾ ಎಂಬ ಜಿರಳೆ

ಸಾಕಲು ಹೆಚ್ಚಿನವರು ಆರಿಸಿಕೊಳ್ಳುವುದು ಬ್ಲಾಪ್ಟಿಕಾ ಡುಬಿಯಾ. ಅರ್ಜೆಂಟೀನಾ, ಬ್ರೆಜಿಲ್ ಕಡೆಯದು. ಬೆಳೆದಾಗ ನಾಲ್ಕು, ನಾಲ್ಕೂವರೆ ಸೆಂಟಿಮೀಟರ್ ಉದ್ದ. ಗಂಡಿಗೆ ಮೈಮುಚ್ಚುವ ರೆಕ್ಕೆ, ಹೆಣ್ಣಿಗೆ ಮೊಟಕು ರೆಕ್ಕೆ. ಹಾಗಾಗಿ ಬೆಳೆದ ಮೇಲೆ ಯಾವುದು ಯಾವುದೆಂದು ಮಗುವೂ ಹೇಳಬಲ್ಲದು. ಗಂಡು ಬಿದ್ದಾಗ ರೆಕ್ಕೆ ಬಡಿದೀತೇ ಹೊರತು ಎದ್ದು ಹಾರುವುದಿಲ್ಲ. ನುಣುಪಾದ ಪ್ಲಾಸ್ಟಿಕ್ ಹತ್ತಲು ಬಾರದು, ಸದ್ದು ಮಾಡದು. ಡಬ್ಬ ಒಣಗಿದ್ದರೆ ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ.

ಅದರ ಹೆರಿಗೆ ವಿಚಿತ್ರ. ಊರಿನ ಮನೆಗಳಲ್ಲಿ ಹಳೇ ಪೆಟ್ಟಿಗೆ ತೆಗೆದಾಗ ಅಲಸಂದೆ ಕಾಳಿನಂಥ ಕಂದು ಕೋಶಗಳು ಸಿಗುತ್ತವಲ್ಲ, ಅವು ಜಿರಳೆಯ ಮೊಟ್ಟೆಚೀಲ. ಡುಬಿಯಾ ಹೆಣ್ಣು ಅಂಥ ಚೀಲವನ್ನು ಒಮ್ಮೆ ಹೊರಗೆ ಚಾಚಿ, ಗಾಳಿಗೆ ಹಿಡಿದು, ಮತ್ತೆ ಹೊಟ್ಟೆಯೊಳಗೇ ಎಳೆದುಕೊಳ್ಳುತ್ತದೆ. ಬೆಚ್ಚಗಿದ್ದರೆ ಎರಡು ತಿಂಗಳ ಮೇಲೆ ಇಪ್ಪತ್ತು ಇಪ್ಪತ್ತೈದು ಜೀವಂತ ಮರಿ ಹಾಕುತ್ತದೆ. ಕಪಾಟಿನ ಸಂದಿಯಲ್ಲಿ ಉದುರಿ ಬಿದ್ದು ತಿಂಗಳ ನಂತರ ಒಡೆಯುವ ಮೊಟ್ಟೆ ಇದರಲ್ಲಿ ಇಲ್ಲ. ಮನೆಯೊಳಗೆ ಸಾಕಲು ನಾನು ಒಪ್ಪಿದ್ದಕ್ಕೆ ದೊಡ್ಡ ಕಾರಣ ಇದೇ.

ಅಂಗಡಿಯಲ್ಲಿ ರೆಡ್ ರನ್ನರ್ ಹೆಸರಿನಲ್ಲಿ ಮಾರುವ ತುರ್ಕಿಸ್ತಾನದ ಜಿರಳೆಗೆ ಆ ಸಂಕೋಚವಿಲ್ಲ. ಅದು ಮೊಟ್ಟೆಚೀಲ ಉದುರಿಸುತ್ತ ಓಡಾಡುತ್ತದೆ. ಓಟ ನೋಡಿ ಜೇಡ ಬೇಗ ಎರಗುತ್ತದೆಂದು ಕೆಲವರಿಗೆ ಅದೇ ಇಷ್ಟ. ಆದರೆ 1978ರಲ್ಲಿ ಕ್ಯಾಲಿಫೋರ್ನಿಯಾದ ಲಾತ್ರಪ್‌ನ ಸೇನಾ ಉಗ್ರಾಣದಲ್ಲಿ ಮೊದಲು ಕಂಡ ಈ ಜಾತಿ ಇಂದು ಅಮೆರಿಕದ ನೈಋತ್ಯ ರಾಜ್ಯಗಳ ಬೀದಿ, ನೀರಿನ ಮೀಟರ್ ಗುಂಡಿಗಳಲ್ಲಿ ತುಂಬಿಕೊಂಡಿದೆ. ಹೊಸಬರಿಗೆ ಬೇಡ ಎಂಬುದು ನನ್ನ ಮಾತು.

ಡಬ್ಬ ಕಟ್ಟುವುದು

ನಲವತ್ತು ಐವತ್ತು ಲೀಟರಿನ, ಬೆಳಕು ತೂರದ, ಒಳಮೈ ನುಣುಪಾದ ಪ್ಲಾಸ್ಟಿಕ್ ಡಬ್ಬ ಸಾಕು. ಮುಚ್ಚಳದಲ್ಲಿ ಎರಡು ಕಿಟಕಿ ಕೊಯ್ದು ಸಣ್ಣ ಕಣ್ಣಿನ ಲೋಹದ ಜಾಲರಿ ಅಂಟಿಸಬೇಕು. ನೈಲಾನ್ ಪರದೆಯಾದರೆ ಕಡಿದು ತೂತು ಮಾಡಿಯಾವು. ಒಳಗೆ ಕಾಗದದ ತಿರುಳಿನ ಮೊಟ್ಟೆ ಟ್ರೇಗಳನ್ನು ನಿಲ್ಲಿಸಿ ಜೋಡಿಸಬೇಕು, ಮಲಗಿಸಬಾರದು. ನಿಂತಿದ್ದರೆ ಹಿಕ್ಕೆ ಕೆಳಗೆ ಉದುರುತ್ತದೆ, ಜಿರಳೆ ಮೇಲಿರುತ್ತವೆ. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಒರಗಿಸಿ ನಿಲ್ಲಿಸುವುದೂ ಅದಕ್ಕೇ ಎಂದರು ಅಮ್ಮ. ತಳಕ್ಕೆ ಮಣ್ಣು, ಮರದ ಹೊಟ್ಟು ಏನೂ ಬೇಡ.

ಕಾವು ಇಲ್ಲಿ ಎಲ್ಲಕ್ಕಿಂತ ಮುಖ್ಯ. 28ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಡುಬಿಯಾ ಚೆನ್ನಾಗಿ ಮರಿ ಹಾಕುತ್ತದೆ. 20ರ ಆಸುಪಾಸಿಗೆ ಇಳಿದರೆ ಬದುಕಿರುತ್ತದೆ, ಸಂಸಾರ ನಿಲ್ಲಿಸುತ್ತದೆ. ಒಹಾಯೊದ ಜನವರಿಯಲ್ಲಿ ಮನೆಯೊಳಗೇ 20 ಡಿಗ್ರಿ. ಆದ್ದರಿಂದ ಡಬ್ಬದ ಒಂದು ಪಕ್ಕಕ್ಕೆ ಮಾತ್ರ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಳೆ, ಅಂಟಿಸಿದ್ದೇವೆ. ಚಳಿಯಾದದ್ದು ಒಲೆ ಪಕ್ಕ ಸರಿಯುತ್ತದೆ, ಸೆಕೆಯಾದದ್ದು ಆಚೆ ಹೋಗುತ್ತದೆ. ಮ್ಯಾಟ್‌ಗೆ ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲದಿದ್ದರೆ ಕಾವು ಏರುತ್ತಲೇ ಹೋಗಿ ಜಿರಳೆ ಬೆಂದು ಸಾಯಬಹುದು, ಪ್ಲಾಸ್ಟಿಕ್ ಕರಗಬಹುದು, ಬೆಂಕಿಯೂ ಹೊತ್ತಬಹುದು. ಇದರಲ್ಲಿ ದುಡ್ಡು ಉಳಿಸಬೇಡಿ.

ಕಾವಿನಷ್ಟೇ ಗಮನ ಕೊಡಬೇಕಾದದ್ದು ತೇವಕ್ಕೆ. ಪೂರ್ತಿ ಒಣಗಿದರೆ ಪೊರೆ ಕಳಚುವಾಗ ಸಿಕ್ಕಿಕೊಂಡು ಸಾಯುತ್ತವೆ, ಒದ್ದೆಯಾದರೆ ಬೂಷ್ಟು ಬಂದು ಸಾಯುತ್ತವೆ. ಎರಡನೆಯದೇ ಹೆಚ್ಚು. ಮುಚ್ಚಳ ತೆಗೆದಾಗ ಮೂಗಿಗೆ ಅಮೋನಿಯಾ ಹೊಡೆದರೆ ಗಾಳಿ ಸಾಲದು, ತೇವ ಜಾಸ್ತಿ ಎಂದು ಅರ್ಥ. ಮುಂದಿನ ವಾರಕ್ಕೆ ಧಾನ್ಯದ ನುಸಿಗಳು ಬಿಳಿ ಧೂಳಿನ ಹಾಗೆ ಕಾಣಿಸಿಕೊಳ್ಳುತ್ತವೆ.

ಏನು ತಿನ್ನಿಸಬೇಕು

ಓಟ್ಸ್, ಗೋಧಿ ಬೂಸಾ, ಔಷಧಿ ಬೆರೆಸದ ಕೋಳಿಮರಿ ಆಹಾರ ಇವನ್ನು ಪುಡಿಮಾಡಿ ಒಂದು ಚಪ್ಪಟೆ ಮುಚ್ಚಳದಲ್ಲಿ ಇಡುತ್ತೇವೆ. ಕ್ಯಾರೆಟ್, ಸಿಹಿಗುಂಬಳ, ಕಿತ್ತಳೆ ತೊಳೆ, ಸೊಪ್ಪು ವಾರಕ್ಕೆ ಎರಡು ಮೂರು ಸಲ. ತೊಳೆದೇ ಹಾಕಬೇಕು, ಕೀಟನಾಶಕದ ಮಾತು ಇಲ್ಲೂ ಅನ್ವಯ. ಒಂದು ದಿನದಲ್ಲಿ ತಿಂದು ಮುಗಿಸದ ಹಸಿ ಚೂರನ್ನು ತೆಗೆದುಬಿಡಬೇಕು. ಬಟ್ಟಲಲ್ಲಿ ನೀರಿಟ್ಟರೆ ಎರಡು ಮೂರು ಮಿಲಿಮೀಟರಿನ ಮರಿಗಳು ಮುಳುಗಿ ಸಾಯುತ್ತವೆ. ಅದಕ್ಕೇ ಹಸಿ ತರಕಾರಿ, ಇಲ್ಲವೇ ನೀರು ಹೀರಿ ಉಬ್ಬುವ ಹರಳುಗಳು.

ಜೇಡಕ್ಕೆ ಹೆಚ್ಚು ಪೌಷ್ಟಿಕ ಸಿಗಲೆಂದು ಜಿರಳೆಗೆ ಬೆಕ್ಕಿನ ಆಹಾರ, ಮೀನಿನ ಪುಡಿ ತುಂಬಿಸುವವರಿದ್ದಾರೆ. ಜಿರಳೆಯ ಮೈಯ ಲೆಕ್ಕಾಚಾರ ನೋಡಿದರೆ ಇದು ಯಾಕೆ ಅನಗತ್ಯವೆಂದು ತಿಳಿಯುತ್ತದೆ. ನಾವು ತಿಂದ ಪ್ರೋಟೀನಿನಲ್ಲಿ ಹೆಚ್ಚಾದ ಸಾರಜನಕ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಜಿರಳೆ ಅದನ್ನು ಬಿಸಾಡದೆ ಯೂರಿಕ್ ಆಮ್ಲವಾಗಿಸಿ ತನ್ನ ಕೊಬ್ಬಿನಲ್ಲಿ ಕೂಡಿಡುತ್ತದೆ. ಬರಗಾಲಕ್ಕೆಂದು ಕಣಜ ತುಂಬಿದ ಹಾಗೆ. ಬ್ಲಾಟಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾ ಆ ಕೊಬ್ಬಿನಲ್ಲೇ ವಾಸವಿದ್ದು, ಊಟ ಕಡಿಮೆಯಾದಾಗ ಆ ಸಾರಜನಕದಿಂದ ಬೇಕಾದ ಅಮೈನೋ ಆಮ್ಲ ತಯಾರಿಸಿಕೊಡುತ್ತದೆ. ಈ ಬ್ಯಾಕ್ಟೀರಿಯಾ ತಾಯಿಯಿಂದ ಮೊಟ್ಟೆಗೆ ದಾಟಿ ಬರುತ್ತದೆ. ಹೀಗಿರುವಾಗ ಮತ್ತೆ ಮತ್ತೆ ಪ್ರೋಟೀನ್ ತುರುಕಿದರೆ ಕಣಜ ಉಕ್ಕುತ್ತದೆ, ಜಿರಳೆಗೇ ಭಾರ. ಹಲ್ಲಿ ಜಾತಿಗೆ ಹುಳು ಕೊಡುವವರು ಬಳಸುವ ಕ್ಯಾಲ್ಸಿಯಂ ಪುಡಿಯೂ ಜೇಡಕ್ಕೆ ಬೇಡ. ಅದಕ್ಕೆ ಮೂಳೆಯಿಲ್ಲ, ಮೈಚಿಪ್ಪು ಕೈಟಿನ್ ಎಂಬ ಬೇರೆ ವಸ್ತುವಿನದು.

ಎಷ್ಟು ಜಿರಳೆ ಬೇಕು

ಬೆಳೆದ ಟಾರಂಟುಲಾ ವಾರಕ್ಕೋ ಎರಡು ವಾರಕ್ಕೋ ಒಂದು ಜಿರಳೆ ತಿಂದರೆ ಹೆಚ್ಚು. ಐದು ಜೇಡ, ವಾರಕ್ಕೊಂದು ಎಂದಿಟ್ಟರೂ ತಿಂಗಳಿಗೆ ಇಪ್ಪತ್ತು ಚಿಲ್ಲರೆ. ಹತ್ತು ಹೆಣ್ಣು, ಮೂರು ಗಂಡು ಇಟ್ಟರೆ ಎರಡು ತಿಂಗಳಿಗೆ ಇನ್ನೂರರ ಮೇಲೆ ಮರಿ. ಅಂದರೆ ಐದು ಜೇಡಕ್ಕೂ ಇದು ಧಾರಾಳ, ಎರಡೇ ಜೇಡವಿರುವ ಮನೆಗೆ ಅತಿಯಾಯಿತು.

ಆದರೆ ಮರಿ ಬೆಳೆದು ದೊಡ್ಡದಾಗಲು ನಾಲ್ಕರಿಂದ ಆರು ತಿಂಗಳು. ನಾವು ತಪ್ಪಿದ್ದು ಇಲ್ಲೇ. ಮೊದಲ ಎರಡು ತಿಂಗಳಲ್ಲೇ ದೊಡ್ಡ ಹೆಣ್ಣುಗಳನ್ನು ಜೇಡಕ್ಕೆ ಹಾಕಿಬಿಟ್ಟೆವು, ಸಂಸಾರ ಅಲ್ಲಿಗೆ ನಿಂತಿತು. ಮುಂದಿನ ಮೊಟ್ಟೆಗೆಂದು ಉಳಿಸಬೇಕಾದ ಬಿತ್ತನೆ ಗೂಡನ್ನು ನೂಲಿಗೆ ಹಾಕಿದ ಹಾಗಾಯಿತು. ಎರಡನೇ ಸಲ ಐದು ತಿಂಗಳು ಕಾದೆವು, ಆಮೇಲೂ ಹೆಚ್ಚುವರಿ ಗಂಡು ಮತ್ತು ನಡುಗಾತ್ರದವನ್ನು ಮಾತ್ರ ತೆಗೆಯುತ್ತಿದ್ದೇವೆ. ಈಗ ಉಲ್ಟಾ ಸಮಸ್ಯೆ, ತೀರದಷ್ಟು ಆಗಿವೆ. ಹಲ್ಲಿ ಸಾಕಿದವರಿಗೆ ಕೊಡುತ್ತೇವೆ. ಯಾರೂ ಸಿಗದಿದ್ದರೆ ಕಾವು ಇಳಿಸಿದರೆ ಸಾಕು, ಹುಟ್ಟು ತಾನಾಗಿ ಕಡಿಮೆಯಾಗುತ್ತದೆ.

ಡಬ್ಬದಲ್ಲಿ ಒಮ್ಮೊಮ್ಮೆ ಹಾಲಿನಂತೆ ಬಿಳಿ ಜಿರಳೆ ಕಂಡರೆ ಗಾಬರಿ ಬೇಡ. ಆಗಷ್ಟೇ ಪೊರೆ ಬಿಟ್ಟದ್ದು ಅದು, ಕೆಲವು ಗಂಟೆಗಳಲ್ಲಿ ಕಂದಾಗುತ್ತದೆ.

ತಪ್ಪಿಸಿಕೊಂಡರೆ? ಕಾಯಿಲೆ ಬಂದರೆ?

ಡಬ್ಬದ ಒಳಮೈಗೆ, ಬಾಯಿಂದ ಕೆಳಕ್ಕೆ ನಾಲ್ಕು ಬೆರಳಗಲ, ನುಣುಪಾದ ಪ್ಯಾಕಿಂಗ್ ಟೇಪ್ ಸುತ್ತ ಹಚ್ಚಿದರೆ ಗೀಚಿದ ಹಳೇ ಪ್ಲಾಸ್ಟಿಕ್ಕನ್ನೂ ಅವು ಹತ್ತಲಾರವು. ಅಕಸ್ಮಾತ್ ಒಂದೆರಡು ಹೊರಬಿದ್ದರೂ ತಂಪು, ಒಣ ಹವೆಯ ಮನೆಯಲ್ಲಿ ಸಂಸಾರ ಹೂಡುವುದು ಅವಕ್ಕೆ ಕಷ್ಟ. ಸದಾ ಬೆಚ್ಚಗೆ, ತೇವವಾಗಿರುವ ಕಡೆ ಈ ಧೈರ್ಯ ಹೇಳಲಾರೆ.

ತಪ್ಪಿಸಿಕೊಳ್ಳುವುದಕ್ಕಿಂತ ನನಗೆ ಹೆಚ್ಚು ಚಿಂತೆಯದು ಅಲರ್ಜಿ. ಜಿರಳೆಯ ಹಿಕ್ಕೆ, ಉದುರಿದ ಪೊರೆ ಒಣಗಿ ಧೂಳಾಗುತ್ತದೆ. ಆ ಧೂಳು ಸೀನು, ತುರಿಕೆ, ಉಬ್ಬಸ ತರಬಲ್ಲದು. ಮೊದಲ ವರ್ಷ ಏನೂ ಆಗದವರಿಗೂ ಕಾಲ ಕಳೆದಂತೆ ಮೈಗೆ ಒಗ್ಗದೆ ಹೋಗುವುದುಂಟು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಜಿರಳೆ ಸಾಕಬೇಡಿ, ಜೇಡಕ್ಕೆ ಬೇರೆ ಹುಳು ಕೊಂಡು ತನ್ನಿ. ಸಿಗಡಿ, ಏಡಿ ತಿಂದರೆ ಮೈಯೆಲ್ಲ ದದ್ದು ಬರುವವರೂ ಎಚ್ಚರವಾಗಿರಬೇಕು. ಟ್ರೊಪೊಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನ್ ಸಿಗಡಿಯಲ್ಲೂ ಜಿರಳೆಯಲ್ಲೂ ಹತ್ತಿರ ಹತ್ತಿರ ಒಂದೇ ರೂಪದ್ದು. ಒಂದಕ್ಕೆ ಸಿಡಿದೇಳುವ ಮೈ ಇನ್ನೊಂದಕ್ಕೂ ಸಿಡಿಯಬಹುದು.

ನಾವು ಮೂರು ತಿಂಗಳಿಗೊಮ್ಮೆ ಹೊರಗೆ ಅಂಗಳದಲ್ಲಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಜರಡಿ ಹಿಡಿದು ಸ್ವಚ್ಛ ಮಾಡುತ್ತೇವೆ. ಒಂದು ಹಿಡಿ ಹಿಕ್ಕೆ ಡಬ್ಬದಲ್ಲೇ ಉಳಿಸುತ್ತೇವೆ. ಮರಿಗಳು ಅದನ್ನು ತಿಂದು ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಪಡೆಯುತ್ತವೆ. ತೆಗೆದದ್ದನ್ನು ಎರಡು ದಿನ ಫ್ರೀಜರಿನಲ್ಲಿಟ್ಟು, ಉಳಿದ ಮರಿ ಸತ್ತ ಮೇಲೆ ಗುಲಾಬಿ ಬುಡಕ್ಕೆ ಹಾಕುವುದು.

ಕಾನೂನು

ಅಮೆರಿಕದೊಳಗೇ ಫ್ಲೋರಿಡಾದಲ್ಲಿ ಡುಬಿಯಾ ಇಟ್ಟುಕೊಳ್ಳುವಂತಿಲ್ಲ, ಅಲ್ಲಿಯವರು ಡಿಸ್ಕಾಯ್ಡ್ ಎಂಬ ಇನ್ನೊಂದು ಜಾತಿ ಸಾಕುತ್ತಾರೆ. ಕೆನಡಾದಲ್ಲೂ ಡುಬಿಯಾಗೆ ಅನುಮತಿಯಿಲ್ಲ. ಊರಿಗೆ ಹೋಗುವಾಗ ತಮ್ಮನ ಮಗನಿಗೆಂದು ನಾಲ್ಕು ಜಿರಳೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗುವ ಯೋಚನೆಯಂತೂ ಬೇಡವೇ ಬೇಡ. ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಜೀವಂತ ಕೀಟ ತರಲು ಪರವಾನಗಿ ಬೇಕು. ಕೆಂಪು ಮಂಡಿಯ ಜೇಡ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ. ಇಂಥ ಪ್ರಾಣಿ ಇಟ್ಟುಕೊಂಡ ಭಾರತದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಪಶ್ಚಿಮ ಘಟ್ಟದ ಧರೆಗಳಲ್ಲಿ ಬಿಲ ತೋಡಿ ಬದುಕುವ ನಮ್ಮದೇ ಟಾರಂಟುಲಾಗಳನ್ನು ದಯವಿಟ್ಟು ಅಲ್ಲೇ ಬಿಡಿ.

ಜೇಡಕ್ಕೆ ಕೊಡುವಾಗ

ಜಿರಳೆ ಜೇಡದ ಹೊಟ್ಟೆಭಾಗಕ್ಕಿಂತ ದೊಡ್ಡದಿರಬಾರದು. ಜೇಡ ಬೇಟೆಯನ್ನು ಕಣ್ಣಿಂದ ಹುಡುಕುವುದಿಲ್ಲ, ನೆಲದ ಅದುರಿನಿಂದ ತಿಳಿಯುತ್ತದೆ. ಡುಬಿಯಾಗೋ, ಹೆದರಿದರೆ ಸತ್ತಂತೆ ಬಿದ್ದಿರುವ ಅಥವಾ ಮಣ್ಣಲ್ಲಿ ಹೂತುಕೊಳ್ಳುವ ಗುಣ. ಜಿರಳೆ ಅಲ್ಲಾಡದೆ ಇದ್ದರೆ ಜೇಡ ಉಪವಾಸ. ಅದಕ್ಕೇ ಇಕ್ಕಳದಿಂದ ಜಿರಳೆಯ ತಲೆ ಜಜ್ಜಿ ಬಿಡುತ್ತಾರೆ. ಜಿರಳೆ ಉಸಿರಾಡುವುದು ಮೈಯ ಪಕ್ಕದ ರಂಧ್ರಗಳಿಂದ, ನರಗಂಟುಗಳು ಮೈಯುದ್ದಕ್ಕೂ ಇವೆ. ಹಾಗಾಗಿ ತಲೆ ಹೋದರೂ ಕಾಲು ಆಡುತ್ತಲೇ ಇರುತ್ತದೆ, ಹೂತುಕೊಳ್ಳಲು ಮಾತ್ರ ಆಗದು. ಮಗಳಿಗೆ ಇದನ್ನು ಮಾಡಲು ಮನಸ್ಸು ಬರಲು ಬಹಳ ದಿನ ಹಿಡಿಯಿತು. ಈಗಲೂ ಕೆಲವೊಮ್ಮೆ ನನ್ನನ್ನೇ ಕರೆಯುತ್ತಾಳೆ. ಅದು ಸರಿಯೇ ಅನಿಸುತ್ತದೆ.

ಹೆಚ್ಚು ತಿನ್ನಿಸುವುದೂ ಅಪಾಯ. ಹೊಟ್ಟೆ ಉಬ್ಬಿದ ಜೇಡ ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ.

ಅಮ್ಮ ಇದ್ದಾಗಲೇ ಕೆಂಪು ಮಂಡಿಯದು ಊಟ ಬಿಟ್ಟಿತು. ಹೊಟ್ಟೆಭಾಗ ಕಪ್ಪಗಾಯಿತು, ಜಿರಳೆ ಕಾಲ ಬಳಿ ಬಂದರೂ ಹಿಂದೆ ಸರಿಯಿತು. ಮಗಳು ಅಳುವ ಹಾಗಿದ್ದಳು. ಅಮ್ಮ ಬಗ್ಗಿ ನೋಡಿ "ಜ್ವರಕ್ಕೆ ಕೂತಿದೆ, ಬಿಡಮ್ಮ" ಎಂದರು. ರೇಷ್ಮೆ ಸೀಮೆಯಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಒಂದು ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ ಏಳಬೇಕು, ಆಗ ಸೊಪ್ಪು ಮುಟ್ಟುವುದಿಲ್ಲ, ಯಾರೂ ಅದನ್ನು ಅಲುಗಿಸುವುದೂ ಇಲ್ಲ. ಜೇಡಕ್ಕೂ ಅದೇ ನಿಯಮ. ತಿನ್ನದ ಜಿರಳೆಯನ್ನು ತಕ್ಷಣ ಹೊರಗೆ ತೆಗೆಯಬೇಕು. ಪೊರೆ ಬಿಡುವ ಜೇಡ ಬೆನ್ನ ಮೇಲೆ ಅಂಗಾತ ಮಲಗುತ್ತದೆ, ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಹಸಿದ ಜಿರಳೆ ಅದನ್ನೇ ಕಡಿಯಬಹುದು. ಹಾಗೆ ಮಲಗಿದ ಜೇಡವನ್ನು ಸತ್ತಿದೆ ಎಂದು ಎತ್ತಿ ಬಿಸಾಡಿದವರಿದ್ದಾರೆ.

ಪೊರೆ ಕಳಚಿದ ಮೇಲೂ ಕಾಯಬೇಕು. ಕೋರೆಗಳು ಮೊದಲು ಬಿಳಿ, ಆಮೇಲೆ ಕೆಂಪು, ಗಟ್ಟಿಯಾದಾಗ ಕಪ್ಪು. ಕಪ್ಪಾಗುವ ತನಕ ಊಟವಿಲ್ಲ, ನೀರು ಮಾತ್ರ. ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ, ಪೊರೆ ಬಿಟ್ಟ ಹನ್ನೆರಡನೇ ದಿನ, ಮಗಳು ಟಾರ್ಚ್ ಹಿಡಿದು ಕೋರೆಯ ಬಣ್ಣ ನೋಡಿದಳು. ಡಬ್ಬದಿಂದ ನಡುಗಾತ್ರದ ಜಿರಳೆಯೊಂದನ್ನು ಆರಿಸಿ ಕೊಟ್ಟವರು ಅಮ್ಮ.